ಮೇಸ್ತ್ರಿಯ ಮನೆಯ ಉಪ್ಪು

ಆ ಮನೆಯ ಹೊಸ್ತಿಲನ್ನು ಅಂಗಡಿಯ ಉಪ್ಪು ಒಮ್ಮೆಯೂ ದಾಟಿರಲಿಲ್ಲ. ಮನೆಯ ಯಜಮಾನ ಉಪ್ಪಿನ ಗದ್ದೆಗಳ ಮೇಸ್ತ್ರಿ. ಮೂವತ್ತಾರು ಬೇಸಿಗೆ ಕಡಲ ನೀರನ್ನು ಗದ್ದೆಗೆ ಕಟ್ಟಿ, ಬಿಸಿಲಿಗೆ ಒಪ್ಪಿಸಿ, ಹರಳು ಕಟ್ಟಿದ ಮೇಲೆ ಉದ್ದ ಹಿಡಿಯ ಹಲಗೆಯಲ್ಲಿ ಎಳೆಸಿ ಗುಡ್ಡೆ ಹಾಕಿಸಿದವನು. ನೀರು ಕೊಡುವವನು ದೇವರು, ಬಿಸಿಲು ಕೊಡುವವನೂ ದೇವರು, ನಡುವೆ ನಿಂತು ಕಾಯುವವನಷ್ಟೇ ತಾನು ಎಂದು ನಂಬಿದವನು. ವರ್ಷದ ಮೊದಲ ಗುಡ್ಡೆಯ ನೆತ್ತಿಯಿಂದ ಬೆಳ್ಳಗಿನ ಹರಳನ್ನು ತಾನೇ ಆರಿಸಿ ತಂದು, ಕಣ್ಣಿಗೊತ್ತಿಕೊಂಡು, ಅಡುಗೆಮನೆಯ ಭರಣಿಗೆ ತುಂಬುತ್ತಿದ್ದ.

ಗದ್ದೆಯ ಬದುವಿಗೆ ಹತ್ತಿಕೊಂಡ ಹನ್ನೆರಡು ಮನೆಗಳ ಸಾಲಿನಲ್ಲಿ ಅವನದು ಮೊದಲನೆಯದು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಎಷ್ಟು ಸಲ ಸುಣ್ಣ ಬಳಿದರೂ ಉಪ್ಪುಗಾಳಿಗೆ ಗೋಡೆ ಉಬ್ಬಿ ಉದುರುತ್ತಿತ್ತು. ಅಲ್ಲಿ ಮೇಸ್ತ್ರಿ, ಅವನ ಹೆಂಡತಿ, ಲಾರಿ ಓಡಿಸುವ ಮಗ, ಹೊಲಿಗೆ ಕಲಿತ ಸೊಸೆ, ಮತ್ತೆ ಮೂರು ತಿಂಗಳು ತುಂಬಿದ ಒಂದು ಹೆಣ್ಣುಮಗು ಇದ್ದರು.

ಮಗು ಅಳುತ್ತಿರಲಿಲ್ಲ. ಆದ್ದರಿಂದ ಮೇಸ್ತ್ರಿ ಅದನ್ನು ಮೌನಿ ಎಂದು ಕರೆಯುತ್ತಿದ್ದ.

"ಹಿಂದಿನ ಜನ್ಮದಲ್ಲಿ ಯಾವುದೋ ಗುಹೇಲಿ ತಪಸ್ಸಿಗೆ ಕೂತಿದ್ದ ಜೀವ ಕಣೇ ಇದು," ಎಂದು ಅವನು ಹೆಂಡತಿಗೆ ಹೇಳಿದ. "ನಮ್ಮ ಮನೆ ಗದ್ದಲ ನೋಡಿ ಮತ್ತೆ ಕಣ್ಣು ಮುಚ್ಕೊಂಡಿದೆ."

"ಗದ್ದಲ ಯಾರದು ಅಂತ ಅದಕ್ಕೂ ಗೊತ್ತಾಗಿದೆ ಬಿಡಿ," ಎಂದಳು ಹೆಂಡತಿ.

ಸಾಲಿನ ಹೆಂಗಸರು ನಲ್ಲಿಗೆ ಬಂದಾಗ ತೊಟ್ಟಿಲಿಗೆ ಬಗ್ಗಿ ನೋಡಿ ಹೋಗುತ್ತಿದ್ದರು. "ನಿಮ್ಮದನ್ನ ಒಂದು ವಾರ ನಮಗೆ ಕೊಡ್ರೀ, ನಮ್ಮ ರಾಕ್ಷಸನ್ನ ನೀವು ಇಟ್ಕೊಳ್ಳಿ," ಎಂದು ಒಬ್ಬಳು ನಗುತ್ತಿದ್ದಳು. ಅತ್ತೆ ಹಿಗ್ಗುತ್ತಿದ್ದಳು. ಸೊಸೆ ನಗುತ್ತಿರಲಿಲ್ಲ. ಮೊಲೆ ಬಾಯಿಗಿಟ್ಟರೆ ಮಗು ನಾಲ್ಕು ಸಲ ಚೀಪಿ ನಿದ್ದೆಗೆ ಜಾರುತ್ತಿತ್ತು. ಅಂಗಾಲು ತಟ್ಟಿ ಎಬ್ಬಿಸಬೇಕು. ಬಿಸಿಲಲ್ಲಿ ಮಲಗಿಸಿದರೂ ಅದರ ಕೈಕಾಲು ತಣ್ಣಗೇ ಇರುತ್ತಿತ್ತು. ನಾಲಿಗೆಯ ತುದಿ ಯಾವಾಗಲೂ ತುಟಿಯ ಹೊರಗೆ.

"ಅತ್ತೆ, ಇವತ್ತಿಗೆ ನಾಲ್ಕು ದಿನ, ಹೊರಕಡೆ ಹೋಗಿಲ್ಲ."

"ತಾಯಿ ಹಾಲು ಪೂರ್ತಿ ಮೈಗೆ ಹತ್ತಿದ್ರೆ ಹೋಗೋಕೆ ಏನಿರುತ್ತೆ?" ಎಂದಳು ಅತ್ತೆ. "ನಿನ್ನ ಹಾಲು ಅಷ್ಟು ಚೊಕ್ಕ. ಅದಕ್ಕೇ ಹೇಳೋದು, ಬಾಯಿ ಕಟ್ಟು ಅಂತ."

ಬಾಯಿ ಕಟ್ಟುವುದೆಂದರೆ ಇಷ್ಟೇ: ಹೊತ್ತಿಗೊಂದು ಬಟ್ಟಲು ಗಂಜಿ, ಬೇಯಿಸಿದ ಕುಂಬಳಕಾಯಿ, ಅದರ ಮೇಲೆ ಭರಣಿಯ ಉಪ್ಪು. ಮೀನಿಲ್ಲ, ಮೊಟ್ಟೆಯಿಲ್ಲ, ಹಾಲಿಲ್ಲ, ಮೊಸರಿಲ್ಲ. ಇದು ಸಾಲಿನ ಪದ್ಧತಿಯಲ್ಲ. ಬೇರೆ ಮನೆಯ ಬಾಣಂತಿಯರು ಎಲ್ಲ ತಿನ್ನುತ್ತಿದ್ದರು. ಈ ಮನೆಯಲ್ಲಿ ಅತ್ತೆ ಹಾಕಿದ ಗೆರೆ ಅದು. ಅದಕ್ಕೆ ಕಾರಣವಿತ್ತು, ಆದರೆ ಅತ್ತೆ ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ, ಸೊಸೆ ಕೇಳಿರಲಿಲ್ಲ.

ಮಗ ವಾರಕ್ಕೆ ಎರಡು ಸಲ ಮನೆಗೆ ಬರುತ್ತಿದ್ದ. ಗದ್ದೆಯ ಉಪ್ಪನ್ನು ಪೇಟೆಯಾಚೆಯ ಕಾರ್ಖಾನೆಗೆ ಸುರಿದು ಬರುವುದು ಅವನ ಕೆಲಸ. ಆ ಗುರುವಾರ ಬರುವಾಗ ದೋಣಿಯವರ ಹತ್ತಿರ ಎರಡು ದಪ್ಪ ಮೀನು ತಂದ. ಅತ್ತೆ ಹುರಿದಳು. ಮನೆಯೆಲ್ಲ ಘಮಘಮ. ಗಂಡಸರಿಬ್ಬರ ತಟ್ಟೆಗೆ ಬಡಿಸಿ, ಸೊಸೆಯ ಮುಂದೆ ಗಂಜಿಯ ಬಟ್ಟಲಿಟ್ಟಳು.

"ಅಮ್ಮ, ಅವಳಿಗೂ ಒಂದು ತುಂಡು ಹಾಕು."

"ನೀನು ಲಾರಿ ನೋಡ್ಕೋ. ಬಾಣಂತಿ ವಿಷಯ ನನಗೆ ಬಿಡು."

"ಮೂರು ತಿಂಗಳು ಕಳೀತು. ಇನ್ನೆಂಥ ಬಾಣಂತಿ?"

"ಹಾಲು ಕುಡಿಸೋವರೆಗೂ ಬಾಣಂತಿನೇ. ಅವಳು ತಿಂದದ್ದೆಲ್ಲ ಹಾಲಿಗೆ ಇಳಿಯುತ್ತೆ. ಮೀನು ತಿಂದ್ರೆ ಮೀನು, ಹುಳಿ ತಿಂದ್ರೆ ಹುಳಿ."

"ಹಾಗಾದ್ರೆ ಬರೀ ಕುಂಬಳಕಾಯಿ ತಿಂದ್ರೆ?" ಎಂದು ಸೊಸೆ ಮೆಲ್ಲಗೆ ಕೇಳಿದಳು.

ಮೇಸ್ತ್ರಿ ನಕ್ಕ. ಅತ್ತೆಗೆ ನಗು ಬರಲಿಲ್ಲ.

"ನಿನಗೆ ಬಸುರಿನಲ್ಲಿ ಮೀನಿನ ಹೆಸರೆತ್ತಿದ್ರೆ ವಾಂತಿ ಬರ್ತಿತ್ತು. ಈಗ ನೋಡಿದ್ರೆ ನಾಲಿಗೆ ಉದ್ದ ಆಗಿದೆ."

"ಆಗ ಬೇಡ ಅನ್ನಿಸ್ತಿತ್ತು, ಈಗ ಬೇಕು ಅನ್ನಿಸುತ್ತೆ ಅತ್ತೆ. ಮೆಟ್ಟಿಲು ಹತ್ತಿದ್ರೆ ಮಂಡಿ ನೋಯುತ್ತೆ. ಮಿಷನ್ ತುಳಿಯೋಕೆ ಕಾಲೇ ಬರಲ್ಲ."

"ನಾನೂ ಹೆತ್ತಿದ್ದೀನಿ ತಾಯಿ. ನನ್ನ ಮಂಡಿ ನೋವನ್ನ ಯಾರಿಗೂ ಹೇಳ್ಕೊಳ್ಳಲಿಲ್ಲ."

ಮಗ ತನ್ನ ತಟ್ಟೆಯ ತುಂಡನ್ನು ಎತ್ತಿ ಹೆಂಡತಿಯ ಬಟ್ಟಲಿಗೆ ಹಾಕಲು ಹೋದ. ಅತ್ತೆ ಬಟ್ಟಲಿನ ಮೇಲೆ ತನ್ನ ಅಂಗೈಯನ್ನೇ ಮುಚ್ಚಿದಳು. ಬಿಸಿ ಮೀನು ಅವಳ ಕೈಮೇಲೆ ಬಿತ್ತು. ಅವಳು ಕೈ ಹಿಂದೆ ತೆಗೆಯಲಿಲ್ಲ.

ಮಾರನೆಯ ದಿನ ಸೊಸೆ ತನ್ನ ರವಿಕೆಯೊಂದನ್ನು ಬಿಚ್ಚಿ ಹೊಲಿಯಲು ಕೂತಳು. ತೋಳು, ಎದೆಯ ಸುತ್ತು, ಸೊಂಟ ಎಲ್ಲ ಕಡೆ ಎರಡೆರಡು ಬೆರಳು ಒಳಗೆ ಹಿಡಿಯಬೇಕಾಯಿತು. ಅವಳು ಅಷ್ಟು ಇಳಿದುಹೋಗಿದ್ದಳು. ಆದರೆ ಮುಚ್ಚುಕೊರಳಿನ ಗುಂಡಿ ಮಾತ್ರ ಕತ್ತಿಗೆ ಕೂಡುತ್ತಿರಲಿಲ್ಲ. ಅಳತೆಯ ಪಟ್ಟಿ ಹಿಡಿದು ಎರಡು ಸಲ ನೋಡಿದಳು. ಮೈಯೆಲ್ಲ ಇಳಿದವಳಿಗೆ ಕತ್ತು ಮಾತ್ರ ಒಂದಂಗುಲ ದಪ್ಪವಾಗಿತ್ತು. ಕೊರಳಪಟ್ಟಿಯ ಬಟ್ಟೆ ಕುಗ್ಗಿರಬೇಕು ಎಂದುಕೊಂಡು ಗುಂಡಿಯನ್ನು ಈಚೆ ಹೊಲಿದಳು.

ಲಸಿಕೆ ಹಾಕುವ ನರ್ಸಮ್ಮ ತಿಂಗಳಿಗೊಮ್ಮೆ ಸಾಲಿಗೆ ಬರುತ್ತಿದ್ದಳು. ಮೇಸ್ತ್ರಿಯ ಮನೆಯ ಜಗಲಿಯಲ್ಲೇ ಅವಳ ಪೆಟ್ಟಿಗೆ ತೆರೆಯುತ್ತಿತ್ತು. ಐವತ್ತು ದಾಟಿದ ಹೆಂಗಸು, ಸೈಕಲ್ಲಿನಲ್ಲಿ ಬರುವವಳು, ಬಾಯಿ ಸ್ವಲ್ಪ ಜೋರು. ಅಂದು ಮೂರು ಕೂಸುಗಳು ಸೂಜಿ ಕಂಡೇ ಸಾಲನ್ನೆಲ್ಲ ಎಬ್ಬಿಸಿಬಿಟ್ಟಿದ್ದವು. ನಾಲ್ಕನೆಯದಾಗಿ ಮೌನಿ ಬಂದಳು. ನರ್ಸಮ್ಮ ತೊಡೆ ಒರೆಸಿ ಸೂಜಿ ಚುಚ್ಚಿದಳು.

ಮಗು ಅಳಲಿಲ್ಲ.

ನರ್ಸಮ್ಮ ಸೂಜಿ ಹೊರಗೆಳೆದು, ಹತ್ತಿ ಒತ್ತಿ ಹಿಡಿದು, ಕಾದಳು. ಎಷ್ಟೋ ಹೊತ್ತಿಗೆ ಮಗುವಿನ ಮುಖ ಸುಕ್ಕಾಯಿತು. ತುಕ್ಕು ಹಿಡಿದ ಬಾಗಿಲು ತೆರೆದಂಥ ಒಂದು ಒರಟು ಸದ್ದು ಬಂದು, ಅಲ್ಲಿಗೇ ನಿಂತಿತು.

"ನಮ್ಮ ಮೌನಿ ನೋಡಿ ನರ್ಸಮ್ಮ," ಎಂದಳು ಅತ್ತೆ ಹೆಮ್ಮೆಯಿಂದ. "ಸೂಜಿಗೂ ಬಗ್ಗಲ್ಲ."

ನರ್ಸಮ್ಮ ಮಗುವಿನ ಕೈ ಹಿಡಿದು ಮೆಲ್ಲಗೆ ಎತ್ತಿದಳು. ತಲೆ ಹಿಂದಕ್ಕೆ ಜೋತುಬಿತ್ತು. ಉಬ್ಬಿದ ಹೊಕ್ಕುಳನ್ನು ಬೆರಳಿನಿಂದ ಮುಟ್ಟಿದಳು. ಪಾದ ಹಿಡಿದು ನೋಡಿದಳು. ಆಮೇಲೆ ತಲೆಯೆತ್ತಿ ಸೊಸೆಯನ್ನು ದಿಟ್ಟಿಸಿದಳು.

"ಏನಮ್ಮಾ, ಇಲ್ಲಿ ಬಾ. ಗುಂಡಿ ಬಿಚ್ಚು. ಎಂಜಲು ನುಂಗು." ಸೊಸೆ ನುಂಗಿದಳು. ಕತ್ತಿನ ಮುಂದೆ ಏನೋ ಒಂದು ಮೇಲೇರಿ ಇಳಿಯಿತು. "ಏನು ಊಟ ಮಾಡ್ತೀಯ?"

ಸೊಸೆ ಅತ್ತೆಯ ಮುಖ ನೋಡಿದಳು.

"ನಾನು ನಿನ್ನ ಕೇಳಿದ್ದು."

"ಗಂಜಿ. ಕುಂಬಳಕಾಯಿ."

"ಮತ್ತೆ?"

"ಉಪ್ಪು."

"ಯಾವ ಉಪ್ಪು? ತಗೊಂಡು ಬಾ ನೋಡೋಣ."

ಭರಣಿ ಬಂತು. ಹರಳುಗಳು ಬಿಸಿಲಿಗೆ ಮಿಂಚಿದವು. ಮೇಸ್ತ್ರಿ ಆಗತಾನೇ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದವನು ಹೇಳಿದ: "ಇಂಥ ಉಪ್ಪು ದೊರೆಗಳ ಮನೇಲೂ ಸಿಗಲ್ಲ ನರ್ಸಮ್ಮ. ಕೈಯಿಂದ ಆರಿಸಿದ್ದು."

"ಮೇಸ್ತ್ರಿಗಳೇ, ನಾಳೆನೇ ಮಗುವನ್ನೂ ತಾಯಿಯನ್ನೂ ದೊಡ್ಡಾಸ್ಪತ್ರೆಗೆ ಕಳ್ಸಿ. ಇಬ್ಬರದೂ ರಕ್ತ ಪರೀಕ್ಷೆ ಆಗಬೇಕು. ನಾಡಿದ್ದು ಅಲ್ಲ, ನಾಳೆ."

ಮಗ ಕೆಲಸಕ್ಕೆ ರಜೆ ಹಾಕಿ ಹೆಂಡತಿ ಮಗುವನ್ನು ಕರೆದುಕೊಂಡು ಹೋದ. ಅತ್ತೆಯೂ ಹಟ ಹಿಡಿದು ಜೊತೆಗೆ ಹೋದಳು. ರಕ್ತ ಕೊಟ್ಟು ಬಂದು, ನಾಲ್ಕು ದಿನ ಕಾದು, ಮತ್ತೆ ಹೋದರು. ಡಾಕ್ಟರು ಸಣ್ಣ ವಯಸ್ಸಿನವಳು. ಕಾಗದ ನೋಡಿ, ಕತ್ತಿನ ಮುಂಭಾಗವನ್ನು ತನ್ನ ಬೆರಳಿನಿಂದಲೇ ತೋರಿಸಿ ಹೇಳಿದಳು: ಇಲ್ಲೊಂದು ಗ್ರಂಥಿ ಇದೆ, ಮಗುವಿನ ಮೈ ಬಿಸಿಯಾಗಿರೋದು, ಮೂಳೆ ಬೆಳೆಯೋದು, ಬುದ್ಧಿ ಬೆಳೆಯೋದು ಎಲ್ಲ ಅದರಿಂದ. ಆ ಗ್ರಂಥಿಗೆ ಅಯೋಡಿನ್ ಅನ್ನೋದು ಚಿಟಿಕೆಯಷ್ಟು ಬೇಕು, ಸಿಗದಿದ್ರೆ ಇವರ ಕತ್ತಿನ ಹಾಗೆ ಊದಿಕೊಳ್ಳುತ್ತೆ. ಮಗುವಿಗೆ ಅದು ತಾಯಿ ಹಾಲಿನಿಂದಲೇ ಬರಬೇಕು. ಹಾಲಿನಲ್ಲಿ ಅದು ತೀರಾ ಕಡಿಮೆ ಇದೆ.

"ನನ್ನ ಸೊಸೆ ಹಾಲು ಸುಣ್ಣದ ಹಾಗೆ ಬೆಳ್ಳಗಿದೆ ಡಾಕ್ಟ್ರೇ," ಎಂದಳು ಅತ್ತೆ. "ಅಂಗೈಗೆ ಹಿಂಡಿ ನೋಡಿದ್ದೀನಿ. ನೀರಾಗಿಲ್ಲ."

"ಸುಣ್ಣದ ಅಂಶ ಸರಿಯಾಗೇ ಇರುತ್ತಮ್ಮ. ತಾಯಿ ತಿನ್ನದೇ ಇದ್ರೂ ಅವಳ ಮೂಳೆಯಿಂದ ತೆಗೆದು ಮಗುವಿಗೆ ಕೊಟ್ಟುಬಿಡುತ್ತೆ ಮೈ. ಇವರಿಗೆ ಮಂಡಿ ನೋವು ಅಂತೀರಲ್ಲ, ಅದು ಅದೇ ಇರಬಹುದು. ಕಬ್ಬಿಣದ ಅಂಶವೂ ಅಷ್ಟೆ, ತಾಯಿ ಊಟದ ಮೇಲೆ ಹೆಚ್ಚು ನಿಂತಿಲ್ಲ. ಆದ್ರೆ ಅಯೋಡಿನ್ ಹಾಗಲ್ಲ. ಮೂಳೆಯಲ್ಲಿ ಅದನ್ನ ಕೂಡಿಟ್ಟಿರಲ್ಲ. ತಾಯಿ ತಿಂದಷ್ಟೇ ಹಾಲಿಗೆ ಬರೋದು. ಮೀನಲ್ಲಿ ಇದೆ, ಮೊಟ್ಟೆ, ಹಾಲಿನಲ್ಲಿ ಇದೆ. ಅಂಗಡಿ ಉಪ್ಪಿಗೆ ಬೆರೆಸಿರ್ತಾರೆ. ಇವರು ಇದರಲ್ಲಿ ಒಂದನ್ನಾದ್ರೂ ತಿಂದಿದ್ದಾರಾ?"

ಮಗ ಮುಖ ತಗ್ಗಿಸಿ ಹೇಳಿದ: "ನಾನು ವಾರವಾರ ಕಾರ್ಖಾನೆಗೆ ಉಪ್ಪು ಸುರಿದು ಬರ್ತೀನಿ ಡಾಕ್ಟ್ರೇ. ಅದರ ಮೇಲೆ ಏನೋ ಸಿಂಪಡಿಸೋದನ್ನ ನಿಂತು ನೋಡಿದ್ದೀನಿ. ಉಪ್ಪು ಗಡ್ಡೆ ಕಟ್ಟದೇ ಇರಲಿ ಅಂತ ಹಾಕ್ತಾರೆ ಅಂದ್ಕೊಂಡಿದ್ದೆ."

"ಮಗು ಸರಿಹೋಗುತ್ತಾ?" ಎಂದು ಸೊಸೆ ಕೇಳಿದಳು. ಆ ಕೋಣೆಗೆ ಬಂದ ಮೇಲೆ ಅವಳಾಡಿದ ಮೊದಲ ಮಾತು ಅದು.

"ಇವತ್ತೇ ಮಾತ್ರೆ ಶುರು ಮಾಡೋಣ. ಪುಡಿ ಮಾಡಿ ನಿಮ್ಮ ಹಾಲಲ್ಲೇ ಕಲಸಿ ಚಮಚದಲ್ಲಿ ಕೊಡಿ, ಒಂದು ದಿನವೂ ತಪ್ಪಬಾರದು. ಹಾಲು ನಿಲ್ಲಿಸಬೇಡಿ. ನೀವು ಚೆನ್ನಾಗಿ ತಿನ್ನಿ. ಮೈ ಬೇಗ ಚೇತರಿಸಿಕೊಳ್ಳುತ್ತೆ." ಡಾಕ್ಟರು ತಡೆದಳು. "ಬುದ್ಧಿ ಎಷ್ಟು ಹಿಂದೆ ಬಿದ್ದಿದೆ ಅಂತ ಈಗ ನಾನು ಹೇಳಿದ್ರೆ ಸುಳ್ಳಾಗುತ್ತೆ. ಕೂರೋವಾಗ, ನಡೆಯೋವಾಗ, ಮಾತಾಡೋವಾಗ ನೋಡಬೇಕು."

ವಾಪಸ್ ಬರುವಾಗ ದಾರಿಯಲ್ಲಿ ಅತ್ತೆ ಒಮ್ಮೆ ಮಗುವಿಗಾಗಿ ಕೈ ಚಾಚಿದಳು. ಸೊಸೆ ಕೊಡಲಿಲ್ಲ.

ಮನೆಯಲ್ಲಿ ಮಗ ಎಲ್ಲವನ್ನೂ ಅಪ್ಪನಿಗೆ ಹೇಳಿ, ಚೀಲದಿಂದ ಒಂದು ಪೊಟ್ಟಣ ತೆಗೆದು ಭರಣಿಯ ಪಕ್ಕ ಇಟ್ಟ. ಮೇಸ್ತ್ರಿ ಅದನ್ನು ನೋಡುತ್ತ ನಿಂತ.

"ಅಂದ್ರೆ ನನ್ನ ಉಪ್ಪು ವಿಷ ಅಂತೀಯಾ?"

"ವಿಷ ಅಲ್ಲಪ್ಪ. ಇರಬೇಕಾದ್ದು ಅದರಲ್ಲಿ ಇಲ್ಲ, ಅಷ್ಟೆ."

"ಕಡಲಲ್ಲಿ ಇಲ್ಲದ್ದು ಕಾರ್ಖಾನೇಲಿ ಇದೆಯೋ? ದೇವರು ಹಾಕೋದು ಮರೆತ, ನಿಮ್ಮ ಕಾರ್ಖಾನೆಯವನು ನೆನಪಿಟ್ಕೊಂಡು ಹಾಕಿದ."

"ಆ ಪೊಟ್ಟಣದಲ್ಲಿರೋದೂ ನಿನ್ನ ಗದ್ದೆ ಉಪ್ಪೇ ಇರಬಹುದಪ್ಪ. ನಾನೇ ಹೊತ್ತದ್ದು."

"ಹಾಗಾದ್ರೆ ನಡುವೆ ಆ ಪೊಟ್ಟಣ ಯಾಕೆ? ನಾನು ಮೂವತ್ತಾರು ವರ್ಷ ತಿಂದಿದ್ದೀನಿ. ನೀನು ತಿಂದೇ ಬೆಳೆದೆ. ನಿನಗೇನು ಬುದ್ಧಿ ಕಮ್ಮಿಯಾಗಿದೆಯಾ?"

"ಈಗ ಆ ಮಾತು ಬೇಡ," ಎಂದಳು ಸೊಸೆ ಒಳಗಿನಿಂದ. ಮಾವನಿಗೆ ಅವಳು ಎದುರಾಡಿದ್ದು ಅದೇ ಮೊದಲು. "ನೀವು ಮೀನು ತಿಂದ್ರಿ, ಮೊಟ್ಟೆ ತಿಂದ್ರಿ. ಉಪ್ಪಿನಲ್ಲಿ ಇಲ್ಲದ್ದು ನಿಮಗೆ ಬೇರೆ ಕಡೆಯಿಂದ ಬಂತು. ನನಗೆ ಅದೂ ಇಲ್ಲ, ಇದೂ ಇಲ್ಲ. ನಾನು ನಿಮ್ಮ ಮನೆ ಮಾತು ಕೇಳಿದೆ. ನನ್ನ ಮಗು ಸುಮ್ಮನಿದ್ದದ್ದು ತಪಸ್ಸಿಗಲ್ಲ ಮಾವ. ಅಳೋಕೆ ಅದರ ಮೈಯಲ್ಲಿ ತ್ರಾಣ ಇರಲಿಲ್ಲ."

ಮೇಸ್ತ್ರಿ ಹೊರಗೆ ಹೋದ. ಆ ದಿನದಿಂದ ಅವನು ಮಗುವನ್ನು ಮೌನಿ ಎಂದು ಕರೆಯಲಿಲ್ಲ. ಬೇರೆ ಹೆಸರಿಟ್ಟೂ ಕರೆಯಲಿಲ್ಲ.

ಅಂದಿನಿಂದ ಅಡುಗೆ ಉಪ್ಪಿಲ್ಲದೇ ಇಳಿಯುತ್ತಿತ್ತು. ಮೂರು ತಟ್ಟೆಗೆ ಪೊಟ್ಟಣದ ಉಪ್ಪು, ಒಂದು ತಟ್ಟೆಗೆ ಭರಣಿಯದು. ಮೇಸ್ತ್ರಿ ತನ್ನ ಹರಳನ್ನು ತಾನೇ ಹೆಬ್ಬೆರಳಲ್ಲಿ ನುರಿದು ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಉಣ್ಣುತ್ತಿದ್ದ.

ಬೆಳಿಗ್ಗೆ ಎದ್ದ ಕೂಡಲೇ ಮಾತ್ರೆಯ ಕೆಲಸ. ಎರಡು ಚಮಚಗಳ ನಡುವೆ ಪುಡಿ ಮಾಡಿ, ಹಾಲು ಹಿಂಡಿ, ಕಲಸಿ, ಕೆನ್ನೆಯ ಬದಿಗೆ ಇಳಿಸುವುದು. ಸೊಸೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅತ್ತೆ ಬಾಗಿಲ ಬಳಿ ನಿಂತು ನೋಡಿ, ಒಲೆಯ ಹತ್ತಿರ ಹೋಗುತ್ತಿದ್ದಳು.

ಎರಡನೆಯ ವಾರ, ಒಂದು ಮಧ್ಯಾಹ್ನ, ಅತ್ತೆ ತಾನೇ ದೋಣಿಯವರ ಬಳಿ ಹೋಗಿ ಮೀನು ತಂದಳು. ತೊಳೆದು, ಮುಳ್ಳು ಬಿಡಿಸಿ, ಬೇಯಿಸಿ, ಸೊಸೆಯ ಮುಂದೆ ಇಟ್ಟು ಎದುರಿಗೆ ಕೂತಳು. ಅವಳ ಕೈಯ ಹಿಂಭಾಗದಲ್ಲಿ ಸುಟ್ಟ ಕಲೆ ಇನ್ನೂ ಕೆಂಪಾಗಿತ್ತು.

"ತಿನ್ನು."

ಸೊಸೆ ತಟ್ಟೆ ಮುಟ್ಟಲಿಲ್ಲ. "ಈಗ ಹಾಲು ಕೆಡಲ್ವಾ ಅತ್ತೆ?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನಿನ್ನ ಗಂಡನಿಗಿಂತ ಮುಂಚೆ ನನಗೊಂದು ಹೆಣ್ಣಾಗಿತ್ತು. ನಿನಗೆ ಯಾರೂ ಹೇಳಿಲ್ಲ."

"ಇಲ್ಲ."

"ಮೂರು ತಿಂಗಳಿದ್ದಳು. ಒಂದು ದಿನ ಆಸೆಯಾಗಿ ಮೀನು ತಿಂದು ಹಾಲು ಕುಡಿಸಿದೆ. ಸಂಜೆಯಿಂದ ಭೇದಿ. ಮೂರನೇ ದಿನ ಇರಲಿಲ್ಲ. ಯಾರೂ ನನ್ನ ಬೈಯಲಿಲ್ಲ. ನಾನೇ ಬೈದುಕೊಂಡೆ. ಇವನು ಹುಟ್ಟಿದಾಗ ಬಾಯಿ ಕಟ್ಟಿದೆ. ಇವನು ಉಳಿದ. ಅಷ್ಟೇ ನನಗೆ ಗೊತ್ತಿದ್ದದ್ದು."

"ಆ ಮಗುವಿನ ಭೇದಿ ಮೀನಿನಿಂದ ಅಂತ ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ಯಾರನ್ನೂ ನಾನು ಕೇಳಲಿಲ್ಲ."

"ಇವರ ಬಸುರಿನಲ್ಲಿ ನೀವು ಮೀನು ತಿಂದಿದ್ರಾ?"

"ಒಂದು ದಿನ ಬಿಡದೆ."

"ಆಗ ಮೈಯಲ್ಲಿ ಕೂಡಿದ್ದು ಅವರನ್ನ ಕಾದಿದೆ. ನನಗೆ ಬಸುರಿನಲ್ಲೂ ಮೀನು ಸೇರಲಿಲ್ಲ." ಸೊಸೆಯ ಧ್ವನಿ ಗಟ್ಟಿಯಾಗಿಯೇ ಇತ್ತು. "ನಿಮ್ಮ ಮೇಲಿನ ಸಿಟ್ಟು ನನಗಿನ್ನೂ ಹೋಗಿಲ್ಲ ಅತ್ತೆ. ಹೋಗಿದೆ ಅಂತ ಹೇಳಿದ್ರೆ ಸುಳ್ಳು."

"ಹೋಗಲಿ ಅಂತ ನಾನೂ ಕೇಳಲಿಲ್ಲ. ಆರೋದ್ರೊಳಗೆ ತಿನ್ನು ಅಂದೆ."

ಸೊಸೆ ತಿಂದಳು. ತಿಂದು ಮುಗಿಸಿ ಕೈ ತೊಳೆಯಲು ಏಳುವಾಗ, ಮಗುವನ್ನು ಅತ್ತೆಯ ತೊಡೆಯ ಮೇಲೆ ಮಲಗಿಸಿ ಹೋದಳು. ಅತ್ತೆ ಅಲುಗಾಡದೆ ಕೂತಳು, ತುಂಬಿದ ಕೊಡ ಹೊತ್ತವಳಂತೆ.

ಮೂರನೆಯ ವಾರ ಮಗುವಿನ ಪಾದ ಬೆಚ್ಚಗಾಯಿತು. ನಾಲ್ಕನೆಯ ವಾರ ನಾಲಿಗೆ ಒಳಗೆ ಹೋಯಿತು. ಹಸಿವಾದರೆ ಮುಷ್ಟಿ ಚೀಪುವುದು ಬಂತು. ಒಂದು ಬೆಳಿಗ್ಗೆ ಮಾತ್ರೆ ಕಲಸುತ್ತ ಹಾಲು ತಡವಾದದ್ದಕ್ಕೆ ಅದು ಜೋರಾಗಿಯೇ ಅತ್ತಿತು. ಮನೆಯವರೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ನಿಂತರು. ಆದರೆ ಆ ಸಂತೋಷದ ಕಾಲಿಗೆ ಒಂದು ಕಲ್ಲು ಕಟ್ಟಿತ್ತು. ಸಾಲಿನ ಅದೇ ವಯಸ್ಸಿನ ಕೂಸು ಮಗುಚಿಕೊಂಡು ಚಾಪೆ ದಾಟುತ್ತಿತ್ತು. ಇದಕ್ಕೆ ಕತ್ತು ಈಗಷ್ಟೇ ನಿಲ್ಲುತ್ತಿತ್ತು. ಸೊಸೆ ಆ ಕೂಸನ್ನು ನೋಡುವುದನ್ನೇ ಬಿಟ್ಟಳು.

ಐದನೆಯ ವಾರ ನರ್ಸಮ್ಮ ಬಂದಳು. ಮಗುವನ್ನು ತೂಗಿ, ತಲೆಯ ಸುತ್ತಳತೆ ಹಿಡಿದು, ಬರೆದುಕೊಂಡು, ಪರವಾಗಿಲ್ಲ ಎಂದಳು. ಹೊರಡುವಾಗ ಜಗಲಿಯಲ್ಲಿದ್ದ ಮೇಸ್ತ್ರಿಯ ಎದುರು ನಿಂತಳು.

"ಮೇಸ್ತ್ರಿಗಳೇ, ಒಂದು ಮಾತು. ಈ ಸಾಲಿನಲ್ಲಿ ಬೇರೆ ಯಾರ್ಯಾರು ನಿಮ್ಮ ಉಪ್ಪು ತಿಂತಾರೆ?"

"ಎಲ್ಲರೂ," ಎಂದ ಮೇಸ್ತ್ರಿ. "ಮೊದಲ ಗುಡ್ಡೆ ಬಿದ್ದಾಗ ಮನೆಗೊಂದು ಚೀಲ ನನ್ನ ಕೈಯಿಂದಲೇ ಹೋಗುತ್ತೆ. ಗದ್ದೇಲಿ ಬೆವರು ಸುರಿಸೋರು ಉಪ್ಪನ್ನ ಕಾಸು ಕೊಟ್ಟು ತಗೋಬಾರದು ಅಂತ."

"ಕೊನೇ ಮನೆ, ಗದ್ದೆಗೆ ನೀರೆತ್ತೋ ಪಂಪಿನವನ ಹೆಂಡತಿಗೆ ಏಳು ತಿಂಗಳ ಬಸುರು. ಅವಳಿಗೂ ಕತ್ತು ಊದಿದೆ, ಈಗ ನೋಡಿ ಬಂದೆ. ಮೀನು ಅವರ ಮನೆಗೆ ವಾರಕ್ಕೊಂದು ಸಲ ಬಂದ್ರೆ ಹೆಚ್ಚು, ಅದೂ ಗಂಡನ ತಟ್ಟೆಗೆ. ಅಂಗಡಿ ಉಪ್ಪು ತಗೋ ಅಂತ ಹೇಳಿದೆ. ತಲೆ ಆಡಿಸಿದಳು. ನಾನು ಮೆಟ್ಟಿಲಿಳಿಯೋ ಮುಂಚೆ 'ಮೇಸ್ತ್ರಿ ಮಾವ ಕೊಟ್ಟ ಉಪ್ಪನ್ನ ಎಸೆಯೋಕಾಗುತ್ತಾ' ಅಂತ ಪಕ್ಕದವಳಿಗೆ ಹೇಳ್ತಿದ್ದಳು."

ಮೇಸ್ತ್ರಿ ಗದ್ದೆಯ ಕಡೆ ನೋಡಿದ.

"ನನ್ನ ಮಾತು ಇಲ್ಲಿ ನಡೆಯಲ್ಲ," ಎಂದಳು ನರ್ಸಮ್ಮ. "ನಿಮ್ಮದು ನಡೆಯುತ್ತೆ." ಅವಳು ಸೈಕಲ್ ಹತ್ತಿ ಹೋದಳು.

ಆ ವಾರವೆಲ್ಲ ಮೇಸ್ತ್ರಿ ಮೊದಲಿನಂತೆ ಎದ್ದ, ಗದ್ದೆಗೆ ಹೋದ, ತೂಬು ತೆಗೆಸಿದ, ಮುಚ್ಚಿಸಿದ. ಆಳುಗಳ ಮೇಲೆ ಸುಮ್ಮಸುಮ್ಮನೆ ರೇಗಿದ. ಬರುವಾಗ ಕೊನೆಯ ಮನೆಯ ಮುಂದಿನ ದಾರಿ ಬಿಟ್ಟು, ಬದುವಿನ ಮೇಲೆ ಸುತ್ತು ಹಾಕಿ ಬಂದ. ದೇವರ ಮುಂದೆ ಕೈಮುಗಿದು ನಿಲ್ಲುವ ಹೊತ್ತು ದಿನದಿನಕ್ಕೆ ಉದ್ದವಾಯಿತು. ಅಲ್ಲಿ ಏನು ಕೇಳಿಕೊಂಡನೋ ಕೇಳಿಸಿಕೊಂಡವನಿಗೇ ಗೊತ್ತು.

ಮಗ ಬಂದ ದಿನ ಊಟಕ್ಕೆ ಕೂತಾಗ ಹೇಳಿದ: "ಅಪ್ಪ, ನೀನು ಹೋಗಲ್ಲ ಅಂದ್ರೆ ನಾನು ಹೋಗಿ ಹೇಳ್ತೀನಿ."

"ಏನಂತ ಹೇಳ್ತೀಯ? ನಮ್ಮಪ್ಪ ಮೂವತ್ತಾರು ವರ್ಷ ನಿಮಗೆ ಹಂಚಿದ್ದು ತಿನ್ನಬಾರದ ಪದಾರ್ಥ ಅಂತಲಾ?"

"ಹಾಗೇ ಹೇಳಬೇಕಾದ್ರೆ ಹಾಗೇ."

"ಆಮೇಲೆ ನಾನು ಆ ಬದುವಿನ ಮೇಲೆ ಯಾವ ಮುಖ ಇಟ್ಕೊಂಡು ನಿಲ್ಲಲಿ? ಮೇಸ್ತ್ರಿ ಅಂದ್ರೆ ಏನೋ ಅವರಿಗೆ? ಸಂಬಳ ಕೊಡೋನು ಬೇರೆ ಇದ್ದಾನೆ. ನಾನು ಕೊಟ್ಟದ್ದು ಇದೊಂದೇ."

ಮಗ ಬಾಯಿ ತೆರೆದ. ಅತ್ತೆ ಕೈಯೆತ್ತಿ ತಡೆದಳು. ಬಡಿಸುವ ಸೌಟನ್ನು ಪಾತ್ರೆಯೊಳಗೆ ಇಟ್ಟು, ಗಂಡನ ಎದುರಿಗೆ ಕೂತಳು.

"ನಾನು ನನ್ನ ತಪ್ಪನ್ನ ಸೊಸೆ ಎದುರಿಗೆ ಬಿಚ್ಚಿಟ್ಟೆ. ನನಗದು ಸುಲಭ ಇತ್ತು ಅಂದ್ಕೊಂಡ್ರಾ?"

ಮೇಸ್ತ್ರಿ ತಟ್ಟೆಯಂಚಿನ ಹರಳೊಂದನ್ನು ಹೆಬ್ಬೆರಳಲ್ಲಿ ನುರಿದ.

"ನನಗೆ ಗೊತ್ತಿರಲಿಲ್ಲ, ಮಗು ಹೀಗಾಯ್ತು. ಅದಕ್ಕೆ ದೇವರು ಏನು ಲೆಕ್ಕ ಹಾಕ್ತಾನೋ ಹಾಕಲಿ. ನಿಮಗೆ ಈಗ ಗೊತ್ತು. ಗೊತ್ತಿದ್ದೂ ಆ ಹುಡುಗಿ ಗಂಜಿಗೆ ಅದನ್ನೇ ಹಾಕ್ಕೊಳ್ತಿದ್ದಾಳೆ ಅಂತ ಇಲ್ಲಿ ಕೂತು ಉಣ್ತಿದ್ದೀರಿ. ಹೇಗೆ ಗಂಟಲಲ್ಲಿ ಇಳಿಯುತ್ತೆ?"

ಮೇಸ್ತ್ರಿಯ ಕೈ ತಟ್ಟೆಯಲ್ಲೇ ನಿಂತಿತು. ಒಳಕೋಣೆಯಲ್ಲಿ ಸೊಸೆ ಮಗುವಿನ ಜೊತೆ ಮಾತಾಡುತ್ತಿದ್ದಳು. ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿ, ಅದು ತನ್ನ ತುಟಿಯನ್ನು ನೋಡುತ್ತದೆಯೋ ಎಂದು ಕಾದು, ಮತ್ತೆ ಹೇಳುತ್ತಿದ್ದಳು. ಡಾಕ್ಟರು ಹೇಳಿಕೊಟ್ಟ ಅಭ್ಯಾಸ ಅದು. ದಿನಕ್ಕೆ ಹತ್ತು ಸಲ ಮಾಡುತ್ತಿದ್ದಳು. ಹತ್ತರಲ್ಲಿ ಮೂರು ಸಲ ಮಗು ನೋಡುತ್ತಿತ್ತು.

ಮೇಸ್ತ್ರಿ ಅನ್ನ ಬಿಟ್ಟು ಎದ್ದು ಕೈ ತೊಳೆದ.

ಮರುದಿನ ಬೆಳಿಗ್ಗೆ ಅವನು ಗದ್ದೆಗೆ ಹೋಗಲಿಲ್ಲ. ಖಾಲಿ ಗೋಣಿಚೀಲವೊಂದನ್ನು ಕೊಡವಿ, ಹೆಗಲಿಗೆ ಹಾಕಿಕೊಂಡು, ಸಾಲಿನ ಆ ತುದಿಯವರೆಗೆ ನಡೆದ. ಪಂಪಿನವನ ಹೆಂಡತಿ ಬಾಗಿಲಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಏಳಲು ಹೋದಳು.

"ಕೂತ್ಕೋಮ್ಮ, ಕೂತ್ಕೋ. ಈ ವರ್ಷ ನಾನು ಕೊಟ್ಟ ಉಪ್ಪು ಎಷ್ಟು ಉಳಿದಿದೆ?"

"ಅರ್ಧ ಚೀಲಕ್ಕೂ ಜಾಸ್ತಿ ಇದೆ ಮಾವ. ಯಾಕೆ, ನಿಮ್ಮ ಮನೇಲಿ ಖಾಲಿಯಾಯ್ತಾ? ತಗೊಂಡು ಹೋಗಿ."

"ಖಾಲಿಯಾಗಿಲ್ಲ. ವಾಪಸ್ ತಗೊಂಡು ಹೋಗೋಕೆ ಬಂದೆ."

ಅವಳಿಗೆ ಅರ್ಥವಾಗಲಿಲ್ಲ. ನಗಬೇಕೋ ಬಿಡಬೇಕೋ ಎಂಬಂತೆ ಅವನ ಮುಖ ನೋಡಿದಳು. "ನನ್ನಿಂದ ಏನಾದ್ರೂ ತಪ್ಪಾಯ್ತಾ ಮಾವ?"

"ನಿನ್ನಿಂದ ಏನೂ ಇಲ್ಲ ತಾಯಿ." ಮೇಸ್ತ್ರಿ ಮೆಟ್ಟಿಲ ಮೇಲೆ ಕೂತ. ಗದ್ದೆಯಲ್ಲಿ ನೂರು ಜನಕ್ಕೆ ಕೇಳುವ ಹಾಗೆ ಕೂಗುವವನ ಧ್ವನಿ ಆಗ ಆ ಮೊರದಾಚೆಗೂ ಕೇಳುವಂತಿರಲಿಲ್ಲ. "ನನ್ನ ಉಪ್ಪಿನಲ್ಲಿ ಒಂದು ಅಂಶ ಇಲ್ಲ. ಬಸುರಿಯರು, ಹಾಲು ಕುಡಿಸೋರು ಇದನ್ನೇ ನಂಬಿಕೊಂಡ್ರೆ ಮಗುವಿಗೆ ಕೊರತೆಯಾಗುತ್ತೆ. ನನ್ನ ಮೊಮ್ಮಗಳಿಗೆ ಆಗಿದೆ. ನರ್ಸಮ್ಮ ಹೇಳಿದ್ದು ನಿಜ. ಅಂಗಡಿಯದು ತಗೋ. ನಿನ್ನ ಗಂಡ ಮೀನು ತಂದ್ರೆ ನೀನೂ ತಿನ್ನು. ಅವನಿಗೆ ನಾನು ಹೇಳ್ತೀನಿ."

ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. "ನನ್ನದಕ್ಕೂ ಆಗಿರುತ್ತಾ ಮಾವ?"

"ಗೊತ್ತಿಲ್ಲಮ್ಮ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ ಬಾ. ನನ್ನ ಮಗನ ಲಾರಿ ಹತ್ತು ಗಂಟೆಗೆ ಹೊರಡುತ್ತೆ."

ಅವಳು ಒಳಗಿನಿಂದ ಚೀಲ ಎಳೆಯಲು ಹೋದಾಗ ಅವನು ಬಿಡಲಿಲ್ಲ. ತಾನೇ ಹೋಗಿ, ಬಗ್ಗಿ, ಬೊಗಸೆ ಬೊಗಸೆಯಾಗಿ ತನ್ನ ಗೋಣಿಗೆ ತುಂಬಿಕೊಂಡ. ನೆಲದ ಮೇಲೆ ಬಿದ್ದ ನಾಲ್ಕು ಹರಳನ್ನೂ ಆರಿಸಿಕೊಂಡ.

"ಮಗು ಈಗ ಹೇಗಿದೆ ಮಾವ?" ಎಂದು ಅವಳು ಹಿಂದಿನಿಂದ ಕೇಳಿದಳು.

"ಅಳುತ್ತೆ," ಎಂದ ಮೇಸ್ತ್ರಿ. "ಉಳಿದದ್ದು ನಡೆಯೋ ಹೊತ್ತಿಗೆ ಗೊತ್ತಾಗುತ್ತಂತೆ."

ಹೊರಗೆ ಬಂದು ಗೋಣಿಯನ್ನು ಬೆನ್ನಿಗೆ ಏರಿಸಿದ. ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರು ಕೊಡ ತುಂಬಿ ಹರಿಯುತ್ತಿದ್ದರೂ ಅವನನ್ನೇ ನೋಡುತ್ತಿದ್ದರು. ಮೇಸ್ತ್ರಿ ಅವರನ್ನು ದಾಟಿ ಹೋಗಲಿಲ್ಲ. ಪಕ್ಕದ ಮನೆಯ ಮೆಟ್ಟಿಲ ಬಳಿ ನಿಂತು, ಉಸಿರು ಸರಿಮಾಡಿಕೊಂಡು, ಬಾಗಿಲು ತಟ್ಟಿದ.